ಬೂದಿ ಮರಿಯ ಅನ್ನಪ್ರಾಶನ

ನಮ್ಮ ಮನೆಯ ಕಂದು ನಾಯಿ ಹೆರಿಗೆಗೆ ಆರಿಸಿಕೊಂಡದ್ದು ಬಚ್ಚಲುಮನೆಯ ಹಂಡೆ ಒಲೆಯ ಪಕ್ಕ. ಅದಕ್ಕಾಗಿ ನಾನು ಜಗಲಿಯ ಮೂಲೆಯಲ್ಲಿ ಗೋಣಿ ಹಾಸಿ, ಗಾಳಿ ಹೊಡೆಯದಂತೆ ಹಲಗೆ ನಿಲ್ಲಿಸಿ, ಒಂದು ಸರ್ಕಾರಿ ಕಟ್ಟಡಕ್ಕಾಗುವಷ್ಟು ಯೋಚನೆ ಖರ್ಚು ಮಾಡಿದ್ದೆ. ನಾಯಿ ಬಂದು ಮೂಸಿತು, ನನ್ನ ಮುಖ ನೋಡಿತು, ಹೊರಟುಹೋಯಿತು. ಕಾಫಿ ಕೊಯ್ಲಿನ ಕಾಲದ ಚಳಿಯಲ್ಲಿ ಬಿಸಿ ಬೂದಿಯ ಮುಂದೆ ನನ್ನ ವಾಸ್ತುಶಿಲ್ಪ ನಿಲ್ಲಲಿಲ್ಲ.

ಮೂರು ಮರಿಗಳು ತಾಯಿಯ ಹಾಗೆ ಕಂದು. ನಾಲ್ಕನೆಯದು ಎಲ್ಲಕ್ಕಿಂತ ಚಿಕ್ಕದು, ಬೂದು ಬಣ್ಣದ ಹೆಣ್ಣು. ಅದರ ಮೈಮೇಲಿರುವುದು ಬಣ್ಣವೋ ಒಲೆಯ ಬೂದಿಯೋ ಎಂಬ ಬಗ್ಗೆ ನನಗೂ ಹೆಂಡತಿಗೂ ಕೆಲಕಾಲ ಭಿನ್ನಾಭಿಪ್ರಾಯವಿತ್ತು. ಕೊನೆಗೆ ಅವಳು ಒದ್ದೆ ಬಟ್ಟೆಯಿಂದ ಒರೆಸಿ ನೋಡಿದಳು. ಬಣ್ಣವೇ. ಆದರೂ ಹೆಸರು ಬೂದಿ ಎಂದೇ ನಿಂತಿತು.

ಕಂದು ಮರಿಗಳನ್ನು ನೆರೆಹೊರೆಯವರು ಕಣ್ಣು ಬಿಡುವ ಮೊದಲೇ ಕೇಳಿಟ್ಟಿದ್ದರು. ಬೂದಿಯ ಫೋಟೊವನ್ನು ಹೆಂಡತಿ ಬಿಟ್ಟಂಗಾಲದಲ್ಲಿರುವ ನನ್ನ ಅಕ್ಕನ ಮೊಬೈಲಿಗೆ ಕಳಿಸಿದಳು. ಇದು ಧೈರ್ಯದ ಕೆಲಸ. ಅಕ್ಕನ ಮುದಿ ನಾಯಿ ಹಿಂದಿನ ಮಳೆಗಾಲದಲ್ಲಿ ಸತ್ತಿತ್ತು. ಅದರ ಚೈನನ್ನು ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿದ ಅಕ್ಕ, ಇನ್ನು ಈ ಮನೆಯಲ್ಲಿ ನಾಯಿಯ ಮಾತು ಎತ್ತಿದವರಿಗೆ ಊಟವಿಲ್ಲ ಎಂದು ಸಾರಿದ್ದಳು. ಭಾವ ಇಷ್ಟು ದಿನ ಉಪವಾಸ ಬೀಳದಿದ್ದದ್ದು ಅವರ ಮೌನದ ಬಲದಿಂದ. ಅವಳು ಸಂಜೆ ಹೊತ್ತು ಹಿಂದಿನ ಮೆಟ್ಟಿಲಿನ ಮೇಲೆ ಸುಮ್ಮನೆ ಕೂತಿರುತ್ತಾಳೆ ಎಂದು ಅವರೇ ನನಗೆ ಮೆಲ್ಲಗೆ ಹೇಳಿದ್ದರು.

ಫೋಟೊಗೆ ಉತ್ತರ ಬರಲಿಲ್ಲ. ಕೆಲವು ದಿನ ಕಳೆದು ಫೋನ್ ಬಂತು.

"ಆ ಬೂದಿ ಬಣ್ಣದ್ದು ಗಂಡೋ ಹೆಣ್ಣೋ?"

"ಹೆಣ್ಣಕ್ಕ."

"ನಂಗೇನು ಬೇಡ. ಸುಮ್ನೆ ಕೇಳಿದೆ." ಫೋನ್ ಇಡುವ ಮೊದಲು, "ತಟ್ಟೇಲಿ ಉಣ್ಲಿಕ್ಕೆ ಕಲಿತ ಮೇಲೆ ಹೇಳು. ಬಾಟ್ಲಿ ಹಿಡ್ಕೊಂಡು ಕೂರ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ನಮ್ಮ ವಂಶದಲ್ಲಿ ಇದನ್ನು ಒಪ್ಪಿಗೆ ಎಂದು ತಿಳಿಯುತ್ತಾರೆ. ಹೀಗೆ ಬೂದಿಯ ಅನ್ನಪ್ರಾಶನ ನಮ್ಮ ಮನೆಯ ಅತಿ ಮುಖ್ಯ ಕಾರ್ಯಕ್ರಮವಾಯಿತು.

ಹಲ್ಲು ಮೂಡುತ್ತಿದ್ದ ಹಾಗೆ ಒಂದು ಬೆಳಿಗ್ಗೆ ಅಕ್ಕಿ ಗಂಜಿಗೆ ಹಾಲು ಬೆರೆಸಿ, ಅಗಲ ತಟ್ಟೆಯಲ್ಲಿ ಆರಿಸಿ, ಬಚ್ಚಲುಮನೆಯ ಮುಂದೆ ಇಟ್ಟೆವು. ಮುಹೂರ್ತವೊಂದನ್ನು ಬಿಟ್ಟು ಉಳಿದದ್ದೆಲ್ಲ ಕ್ರಮಬದ್ಧವಾಗಿತ್ತು. ಕಂದು ಮರಿಗಳು ತಟ್ಟೆಯೊಳಗೆ ಇಳಿದು ನಡೆದಾಡಿದವು. ಒಂದು ಮೂಗಿನಿಂದ ಗಂಜಿ ಎಳೆದು ಸೀನಿತು, ಇನ್ನೊಂದು ಅದರಲ್ಲೇ ಕೂತಿತು. ಆಮೇಲೆ ಒಂದರ ಕಾಲನ್ನು ಇನ್ನೊಂದು ನೆಕ್ಕುತ್ತಾ ನೆಕ್ಕುತ್ತಾ, ಗಂಜಿಯ ರುಚಿ ಅವಕ್ಕೆ ಹತ್ತಿತು. ಬೂದಿ ಮಾತ್ರ ದೂರ ಕೂತು ಈ ಅಸಭ್ಯತೆಯನ್ನು ನೋಡಿತು. ಬೆರಳಿಗೆ ಹಚ್ಚಿ ಬಾಯಿಗಿಟ್ಟರೆ ಬೆರಳನ್ನು ಚೀಪಿ, ಗಂಜಿಯನ್ನು ಉಗಿಯಿತು. ಬೆಲ್ಲ ಹಾಕಿ ನೋಡಿದೆವು, ಮೀನಿನ ಸಾರು ಹಾಕಿ ನೋಡಿದೆವು. ಅದರ ನಿಲುವು ಬದಲಾಗಲಿಲ್ಲ.

ಇದರ ನಡುವೆ ತಾಯಿಗೆ ಕಾಯಿಲೆ ಶುರುವಾಯಿತು. ಅನ್ನ ತಿಂದು ಬಚ್ಚಲುಮನೆಗೆ ಹೋದರೆ, ಅಲ್ಲಿ ವಾಂತಿಯ ಗುರುತು. ಪಕ್ಕೆಲುಬುಗಳೂ ಕಾಣತೊಡಗಿದ್ದವು.

"ಕಾಫಿ ಹಣ್ಣು ತಿಂದಿದೆ ಇದು," ಎಂದು ಹೆಂಡತಿ ತೀರ್ಪು ಕೊಟ್ಟಳು. "ಕೊಯ್ಲಿನ ಚೀಲಕ್ಕೆ ಮೂತಿ ಹಾಕಿ ಮೆಲ್ಲೋದನ್ನ ನಾನೇ ನೋಡಿದೀನಿ. ಪಿತ್ತ ಏರಿದೆ."

ನಮ್ಮಲ್ಲಿ ಈ ಕಾಲದಲ್ಲಿ ಹೊಟ್ಟೆಗೆ ಏನೇ ಆದರೂ ತಪ್ಪಿತಸ್ಥ ಕಾಫಿ ಹಣ್ಣೇ. ಹಾಗಾಗಿ ನಾನೂ ಗಂಭೀರವಾಗಿ ತಲೆಯಾಡಿಸಿದೆ. ಕರಿಮೆಣಸಿನ ಕಷಾಯ ಕಾಯಿಸಿ ಕುಡಿಸಲು ಹೋದೆವು. ನಾಯಿ ನೆಕ್ಕಲಿಲ್ಲ, ನನ್ನ ಪಂಚೆ ಕುಡಿಯಿತು. ಮರಿಗಳಿಗೆ ಸೋಂಕು ತಗಲಬಾರದೆಂದು ಅದನ್ನು ಕಾಫಿ ಒಣಗಿಸುವ ಕಣದ ಆಚೆ ಕಟ್ಟಿ, ಮಧ್ಯಾಹ್ನ ಬರೀ ಗಂಜಿಯ ಪಥ್ಯ ಹಾಕಿದೆವು. ಅದು ಗಂಜಿ ಕುಡಿದು, ಬಚ್ಚಲುಮನೆಯ ಕಡೆ ಮುಖಮಾಡಿ ಅಳತೊಡಗಿತು. ಅತ್ತ ಬೂದಿಯೂ ಅಳುತ್ತಿತ್ತು. ಈ ಜುಗಲ್‌ಬಂದಿಯನ್ನು ತಡೆಯಲಾರದೆ ಹೆಂಡತಿಯೇ ಹೋಗಿ ಹಗ್ಗ ಬಿಚ್ಚಿದಳು.

ನಾಯಿ ಓಡಿತು. ನಾವೂ ಹಿಂದೆ ಹೋದೆವು. ಬೂದಿ ಎದ್ದುಬಂದು, ತಾಯಿಯ ಬಾಯಿಯ ಅಂಚನ್ನು ಒಂದೇ ಸಮನೆ ನೆಕ್ಕಿತು. ತಾಯಿಯ ಹೊಟ್ಟೆ ಒಮ್ಮೆ ಒಳಗೆ ಹೋಗಿ ಬಂತು. ಅದು ತಲೆ ತಗ್ಗಿಸಿ ಗಂಜಿಯನ್ನೆಲ್ಲ ಮರಿಯ ಮುಂದೆ ಕಕ್ಕಿತು. ತಟ್ಟೆಯ ಗಂಜಿಗೆ ಮೂಗು ಮುರಿದಿದ್ದ ಬೂದಿ, ಬಾಲ ಅಲ್ಲಾಡಿಸುತ್ತಾ ಅದನ್ನು ಪೂರ್ತಿ ನೆಕ್ಕಿ ಮುಗಿಸಿತು.

"ಥೂ," ಎಂದಳು ಹೆಂಡತಿ. ಆದರೆ ಅಲ್ಲಿಂದ ಕದಲಲಿಲ್ಲ. "ಕಾಯಿಲೆ ಅಲ್ಲ ರೀ. ತಾನು ತಿಂದಿದ್ದನ್ನೆಲ್ಲ ಇದಕ್ಕೆ ಕೊಡ್ತಾ ಇದೆ. ಅದಕ್ಕೇ ಹೀಗೆ ಬಡವಾಗಿದೆ, ಪಾಪ." ಸೆರಗಿನಿಂದ ಕಣ್ಣೊರೆಸಿಕೊಂಡು, "ನೋಡಿ, ಗಂಜಿ ನಮ್ದೇ," ಎಂದಳು, ಸ್ವಲ್ಪ ಹೆಮ್ಮೆಯಿಂದ.

ಅಂದಿನಿಂದ ತಾಯಿಗೆ ಪಾಲು ಹೆಚ್ಚಿತು. ಗಂಜಿ ನಮ್ಮಿಂದ ತಾಯಿಗೆ, ತಾಯಿಯಿಂದ ಬೂದಿಗೆ, ಸಕಲ ಮರ್ಯಾದೆಗಳೊಂದಿಗೆ ಸಾಗುತ್ತಿತ್ತು. ಆದರೆ ಅಕ್ಕನ ಷರತ್ತು ತಟ್ಟೆಯದು. ಕಂದು ಮರಿಗಳೆಲ್ಲ ಹೊಸ ಮನೆ ಸೇರಿದರೂ ಬೂದಿ ತಟ್ಟೆ ಮುಟ್ಟಲಿಲ್ಲ.

"ಇನ್ನೂ ಕಲೀಲಿಲ್ವಾ?" ಎಂದಳು ಅಕ್ಕ ಫೋನಿನಲ್ಲಿ. "ಹಾಗಾದ್ರೆ ಬಿಡು ಮಾರಾಯ. ನಂಗೂ ಯಾಕೋ ಬೇಡ ಅಂತಲೇ ಅನ್ನಿಸ್ತಾ ಉಂಟು. ಬೇರೆ ಯಾರಿಗಾದ್ರೂ ಕೊಡು."

ನಾನು ಫೋನ್ ಇಟ್ಟೆ. ಅಕ್ಕ ಎರಡನೇ ಸಲ ಬೇಡ ಎಂದರೆ ಅಟ್ಟದ ಚೈನು ಮತ್ತೆ ಕೆಳಗಿಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಮರಿಗಳ ವಿಷಯದಲ್ಲಿ ಅಷ್ಟೆಲ್ಲ ಯೋಚನೆ ಖರ್ಚು ಮಾಡಿದ್ದ ನನಗೆ ಆ ಹೊತ್ತು ಮಾಡಲು ಏನೂ ಉಳಿದಿರಲಿಲ್ಲ.

ಮಾಡಿದ್ದು ತಾಯಿ. ಮಾರನೆಯ ಬೆಳಿಗ್ಗೆ ಅದು ಉಂಡು ಬಂದಾಗ ಬೂದಿ ಎಂದಿನಂತೆ ಬಾಯಿ ನೆಕ್ಕಲು ಹೋಯಿತು. ತಾಯಿ ಮುಖ ತಿರುಗಿಸಿತು. ಮರಿ ಇನ್ನೊಂದು ಕಡೆಯಿಂದ ಬಂತು. ಆಗ ತಾಯಿ ಗುರ್ ಎಂದಿತು. ಜೋರಾಗಿ ಅಲ್ಲ, ಆದರೆ ಅರ್ಥವಾಗುವ ಹಾಗೆ.

"ಎಂಥ ತಾಯಿಯೇ ನೀನು!" ಎಂದು ಹೆಂಡತಿ ಬೈದಳು. ತಾಯಿ ಅವಳ ಕಡೆಗೂ ನೋಡದೆ ಸ್ವಲ್ಪ ದೂರ ಹೋಗಿ, ಮರಿಗೆ ಬೆನ್ನು ಹಾಕಿ ಮಲಗಿತು. ಕಿವಿ ಮಾತ್ರ ಹಿಂದಕ್ಕೇ ಇತ್ತು. ಬೂದಿ ಬಹಳ ಹೊತ್ತು ಅಲ್ಲೇ ಕೂತಿತು. ಪ್ರಪಂಚದಲ್ಲಿ ಇಂಥದ್ದು ನಡೆಯಬಹುದೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಆಮೇಲೆ ಎದ್ದು, ತಟ್ಟೆಯ ಬಳಿಗೆ ಹೋಗಿ, ಒಂದು ಕಾಲನ್ನು ಅದರೊಳಗಿಟ್ಟು, ನೆಕ್ಕತೊಡಗಿತು. ತಟ್ಟೆ ಖಾಲಿಯಾಯಿತು.

ನಾನು ಅಕ್ಕನಿಗೆ ಫೋನ್ ಮಾಡಿ, ಇಷ್ಟು ಮಾತ್ರ ಹೇಳಿದೆ: "ಉಂಡಿತಕ್ಕ."

ಅತ್ತಲಿಂದ "ಹೂಂ" ಎಂದಷ್ಟೇ ಬಂತು. ಆದರೆ ಮಧ್ಯಾಹ್ನ ಅವಳೇ ಕಾರಿನಿಂದ ಇಳಿದಳು. "ಅಮ್ಮತ್ತಿ ಪೇಟೆಗೆ ಬಂದಿದ್ದೆ. ಹಾಗೇ ನೋಡ್ಕೊಂಡು ಹೋಗೋಣ ಅಂತ." ಅವಳ ಚೀಲದಿಂದ ಹೊಸ ಸ್ಟೀಲ್ ತಟ್ಟೆಯೊಂದು ಇಣುಕುತ್ತಿತ್ತು. ಅದಕ್ಕೆ ಅಂಟಿಸಿದ್ದ ಅಂಗಡಿಯ ಚೀಟಿ ಬಿಸಿಲಿಗೆ ಮಾಸಿ ಹಳದಿಯಾಗಿತ್ತು. ಇಂದು ಕೊಂಡ ತಟ್ಟೆಯಂತೂ ಅಲ್ಲ. ನಾವು ಯಾರೂ ಅದನ್ನು ನೋಡಿದಂತೆ ತೋರಿಸಿಕೊಳ್ಳಲಿಲ್ಲ. ಅವಳು ಬೂದಿಯನ್ನು ಎತ್ತಿಕೊಂಡು ಕಾರು ಹತ್ತಿದಾಗ, ಕಂದು ನಾಯಿ ಬಂದು ಮಡಿಲಲ್ಲಿದ್ದ ಮರಿಯನ್ನು ಕಿವಿಯಿಂದ ಬಾಲದವರೆಗೆ ಮೂಸಿ, ಅಕ್ಕನ ಕೈಯನ್ನೂ ಒಮ್ಮೆ ಮೂಸಿ, ಗೇಟಿನವರೆಗೆ ಕಾರಿನ ಜೊತೆ ನಡೆದು ನಿಂತಿತು.

ಆ ವಾರದಲ್ಲೇ ಅಕ್ಕನ ಫೋನ್. ದನಿ ಬೇರೆಯೇ ಆಗಿತ್ತು.

"ಎಷ್ಟು ಪ್ರೀತಿ ಕಣೋ ಇದಕ್ಕೆ! ನನ್ನ ಊಟ ಆದ ಕೂಡ್ಲೇ ಓಡಿ ಬರ್ತದೆ. ಮಡಿಲು ಹತ್ತಿ ಬಾಯಿ ಹತ್ರವೇ ನೆಕ್ತದೆ. ಬಿಡೋದೇ ಇಲ್ಲ. ಹಳೇದು ಒಂದು ದಿನಕ್ಕೂ ಹೀಗೆ ಮಾಡಿರ್ಲಿಲ್ಲ, ಗೊತ್ತಾ?"

ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು.

"ಹೌದಕ್ಕ," ಎಂದೆ ನಾನು, ಸಾಧ್ಯವಾದಷ್ಟು ಗಂಭೀರವಾಗಿ. "ಅದು ಎಲ್ಲರ ಹತ್ರ ಹಾಗೆ ಮಾಡಲ್ಲ. ತನ್ನ ತಾಯಿ ಹತ್ರ ಮಾತ್ರ ಮಾಡ್ತಿತ್ತು."