ದರ್ಜಿಯ ‘ಹೂಂ’

ನಮ್ಮಣ್ಣ ದರ್ಜಿ. ಕೋಟು ಹೊಲಿಯೋದರಲ್ಲಿ ಎತ್ತಿದ ಕೈ. ತಂಗಿ ನಾನು, ಗುಂಡಿ, ಕಾಜಾ ನನ್ನ ಪಾಲಿಗೆ. ಹೋದ ವರ್ಷ ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ. ವಾಪಸ್ ಬಂದಾಗ ಕೈಕಾಲು ನೆಟ್ಟಗಿದ್ದವು, ಮಾತು ಮಾತ್ರ ತುಂಡು ತುಂಡು. ಕಿವಿಗೇನೂ ಆಗಿರಲಿಲ್ಲ. ಆದರೂ ನೋಡೋಕೆ ಬಂದವರೆಲ್ಲ ಅವನೆದುರು ಗಂಟಲು ಹರಿದುಕೊಳ್ಳೋರು. ಅದರಿಂದ ಕಿವುಡಾಗಲಿಲ್ಲವಲ್ಲ, ಪುಣ್ಯ!

ಮಾತು ಕಲಿಸೋ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: “ಕತ್ತರಿ, ಬಟ್ಟೆ, ತೋಳು ಅಂತ ಒಂದೊಂದೇ ಹೇಳಿದರೆ ಅವರಿಗೆ ಗೊತ್ತಾಗುತ್ತೆ. ಮಾತು ಉದ್ದವಾದರೆ ಯಾವುದನ್ನು ಏನು ಮಾಡಬೇಕು ಅನ್ನೋದು ಕಲಸಿಹೋಗುತ್ತೆ. ಚಿಕ್ಕದಾಗಿ ಹೇಳಿ, ತೋರಿಸಿ ಹೇಳಿ.” ಮನೆಯಲ್ಲಿ ಯಾರಿಗಿದೆ ಅಷ್ಟು ತಾಳ್ಮೆ? ಅಣ್ಣನೂ ಕಮ್ಮಿಯಿಲ್ಲ. ಅರ್ಥವಾಗಲಿಲ್ಲ ಅಂತ ಒಪ್ಪಿಕೊಳ್ಳೋಕೆ ಅವನಿಗೆ ಮರ್ಯಾದೆ ಅಡ್ಡ. ಎಲ್ಲದಕ್ಕೂ “ಹೂಂ” ಅಂತಿದ್ದ.

ಒಂದು ದಿನ ಹಿಂದಿನ ಬೀದಿಯ ಟೀಚರಮ್ಮ ತೀರಿಹೋದ ಗಂಡನ ಕೋಟು, ಜೊತೆಗೆ ಹೊಸ ಬಟ್ಟೆ ತಂದರು. “ಈ ಕೋಟು ಬಿಚ್ಚದೆ ಹಾಗೇ ಅಳತೆಗಿಟ್ಟುಕೊಂಡು, ಆ ಬಟ್ಟೇಲಿ ನನ್ನ ತಮ್ಮನಿಗೊಂದು ಹೊಲಿದುಕೊಡಿ.”

“ಹೂಂ,” ಅಂದ ಅಣ್ಣ. ಹಳೇ ಕೋಟಿನ ಹೊಲಿಗೆ ಬಿಚ್ಚಿ, ಆ ತುಂಡುಗಳನ್ನು ಹೊಸ ಬಟ್ಟೆ ಮೇಲೆ ಹರಡಿ ಗೆರೆ ಎಳೆಯೋದು ಮೊದಲಿಂದಲೂ ಅವನ ಪದ್ಧತಿ. ನಾನು ನೂಲು ತರೋಷ್ಟರಲ್ಲಿ ಬಿಚ್ಚಿ ಹರಡಿದ್ದ.

ಟೀಚರಮ್ಮ ಬಂದು ನೋಡಿದರೆ ಮೇಜಿನ ಮೇಲೆ ಗಂಡನ ಕೋಟಿನ ತೋಳೊಂದು ಕಡೆ, ಬೆನ್ನೊಂದು ಕಡೆ. ಬೈಯಲಿಲ್ಲ ಅವರು. ತೋಳನ್ನು ಎತ್ತಿಕೊಂಡು ಅತ್ತುಬಿಟ್ಟರು. ಅಣ್ಣ ಹಳೇ ಸೂಜಿಯ ತೂತುಗಳಲ್ಲೇ ಕೈಹೊಲಿಗೆ ಹಾಕಿ ಕೋಟನ್ನು ಮತ್ತೆ ಕೂಡಿಸಿಕೊಟ್ಟ.

ಅವನ ಅಳಿಯನಿಗೆ ಇಷ್ಟು ಸಾಕಾಯ್ತು. ಮಾತಿನ ಮಲ್ಲ ಆತ. ಭಾನುವಾರ ನಾವೆಲ್ಲ ಅಂಗಡಿಯಲ್ಲಿದ್ದಾಗ ಬಂದು ಕುರ್ಚಿ ಎಳೆದುಕೊಂಡ. “ಮಾವ, ಇನ್ನೊಬ್ಬರ ಬಟ್ಟೆ ಹಾಳಾಗಿ ನಿಮ್ಮ ಹೆಸರು ಕೆಡೋದಕ್ಕಿಂತ ಮುಂಚೆ, ಕೇಳ್ತಿರೋರಿಗೆ ಮೆಷಿನ್ ಮಾರಿ, ಅಂಗಡಿ ಬಿಟ್ಟುಕೊಟ್ಟು, ಆರಾಮಾಗಿ ಮನೇಲಿರೋದೇ ಒಳ್ಳೇದು ಅಂತ ನಮಗೆಲ್ಲ ಅನಿಸಿದೆ, ಅಲ್ವಾ?”

“ಹೂಂ.”

“ನೋಡಿ, ಮಾವನೇ ಒಪ್ಪಿದರು!”

ನನಗೆ ಮೈಯೆಲ್ಲ ಉರಿದುಹೋಯ್ತು. “ಅಯ್ಯೋ ಮಹಾರಾಯ, ನಿನ್ನ ಮಾತಿನ ತಲೆಬುಡ ನನಗೇ ಸಿಗಲಿಲ್ಲ!” ಅಂದೆ.

ಅತ್ತಿಗೆ ಅಣ್ಣನೆದುರು ಕೂತು, ಅವನ ಕೈ ಹಿಡಿದು ಮೆಷಿನ್ ಮೇಲಿಟ್ಟರು. “ಇದು.” ಸ್ವಲ್ಪ ಕಾದರು. “ಮಾರೋಣ್ವಾ?”

ಅಣ್ಣ ಮೆಷಿನ್ ನೋಡಿದ, ಅಳಿಯನನ್ನು ನೋಡಿದ. ತಾನು ಯಾವುದಕ್ಕೆ ತಲೆಯಾಡಿಸಿದ್ದೆ ಅನ್ನೋದು ಈಗ ಹೊಳೆದು ಮುಖ ಕೆಂಪಾಯ್ತು.

“ಬೇಡ,” ಅಂದ. ಆಮೇಲೆ, ಕಾಯಿಲೆ ಬಿದ್ದ ಮೇಲೆ ಮೊದಲ ಸಲ, ಎಲ್ಲರೆದುರೇ ಅಂದ: “ಗೊತ್ತಾಗ್ಲಿಲ್ಲ. ಮತ್ತೆ ಹೇಳಿ.”