ಹುಬ್ಬಳ್ಳಿ ತಾಲೀಮಿನಲ್ಲಿ ನನ್ನ ಸೀರೆ

ಧಾರವಾಡದಿಂದ ಹುಬ್ಬಳ್ಳಿಗೆ ಹನ್ನೆರಡು ಮೈಲು. ಇದನ್ನೂ ಪ್ರವಾಸವೆಂದು ಬರೆಯುತ್ತಾಳಲ್ಲ ಎಂದು ನಗುವವರು ನಗಲಿ. ನಮ್ಮ ಯಜಮಾನರು ನಾಟಕ ಕಂಪನಿಯಲ್ಲಿ ಸಂಗೀತ ಮಾಸ್ತರರು; ಹಾಡುಗಳಿಗೆ ಧಾಟಿ ಕೂಡಿಸುವುದು, ಹಾರ್ಮೋನಿಯಂ ಪೇಟಿ ಬಾರಿಸುವುದು ಅವರ ಕೆಲಸ. ಮೈಸೂರು ಸೀಮೆಯನ್ನೆಲ್ಲ ಸುತ್ತಿ ಕಂಪನಿ ಹುಬ್ಬಳ್ಳಿಯಲ್ಲಿ ಬಿಡಾರ ಹೂಡಿ ತಿಂಗಳಾಗುತ್ತ ಬಂದರೂ ಅವರು ಮನೆಯ ಕಡೆ ತಲೆ ಹಾಕಿರಲಿಲ್ಲ. ಅಷ್ಟರಲ್ಲಿ ನಮ್ಮಣ್ಣ ಧಾರವಾಡದ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ನಮ್ಮವರಿಗೆ ಹಾಡು ಕಲಿಸುವ ಕೆಲಸ ಗೊತ್ತು ಮಾಡಿ, ಈ ವಾರದೊಳಗೆ ಹೂಂ ಇಲ್ಲವೆ ಊಹೂಂ ಹೇಳಬೇಕೆಂದ. ಇನ್ನು ಕೂತರೆ ಆಗದೆಂದು, ಅವರನ್ನು ಕರೆತರಲು ಮುಂಜಾನೆಯ ಗಾಡಿಗೆ ನಾನೇ ಹೊರಟೆ.

ಜಿಟಿಜಿಟಿ ಮಳೆ ಹಿಡಿದಿತ್ತು. ನವಲೂರಿನಲ್ಲಿ ಪೇರಲ ಬುಟ್ಟಿ ಹೊತ್ತು ಹತ್ತಿದ ಹೆಣ್ಣುಮಗಳು ನನ್ನ ಪಕ್ಕ ಕೂತು, "ಎಲ್ಲಿಗೆ ಹೊಂಟೀರಿ ಯವ್ವಾ?" ಎಂದಳು.

"ಹುಬ್ಬಳ್ಳಿಗೆ. ನಮ್ಮ ಮನಿಯವರನ್ನ ಕರಕೊಂಡು ಬರ್ಲಿಕ್ಕೆ."

"ಜಡ್ಡ ಬಿದ್ದಾರೇನ್ರಿ?"

"ಇಲ್ಲವ್ವಾ, ನಾಟಕ ಕಂಪನ್ಯಾಗ ಇದ್ದಾರ."

"ಹಂಗಾರ ಕಷ್ಟ ಬಿಡ್ರಿ," ಎಂದು ಅವಳು ನನ್ನ ಉಡಿಯಲ್ಲಿ ಎರಡು ಪೇರಲಹಣ್ಣು ಹಾಕಿದಳು. ಜಡ್ಡಿಗಾದರೆ ಔಷಧವಿದೆ ಎಂಬ ಮುಖ ಅವಳದು.

ಸ್ಟೇಶನ್ನಿನಿಂದ ಟಾಂಗಾ ಮಾಡಿಕೊಂಡು ತಗಡಿನ ಥೇಟರ್ ಮುಟ್ಟಿದೆ. ಹಿಂದಿನ ಪಡಸಾಲೆಯಲ್ಲಿ ಪೇಂಟರರು ಅರಮನೆಯ ಪರದೆ ಹಾಸಿಕೊಂಡು ಕಂಬಗಳಿಗೆ ಬಣ್ಣ ಕೊಡುತ್ತಿದ್ದರು. ಹಾಡು ಬರೆಯುವ ಕವಿಗಳು ಧಾಟಿ ಕೈಗೆ ಬಾರದೆ ಮಾತು ಕೂಡಿಸಲಾಗದೆ ಬೀಡಿ ಸೇದುತ್ತ ಅಡ್ಡಾಡುತ್ತಿದ್ದರು. ಹೊಸ ನಾಟಕ ಮುಂದಿನ ವಾರ ರಂಗಕ್ಕೆ ಬರಬೇಕು, ನಾಯಕಿಯ ವಿರಹದ ಹಾಡೇ ಇನ್ನೂ ಆಗಿಲ್ಲ ಎಂದರು.

ಹಿಂಬಾಗಿಲಿನಿಂದ ರಂಗಕ್ಕೆ ಬಂದೆ. ನಮ್ಮವರು ಪೇಟಿಯ ಮುಂದೆ ಕೂತಿದ್ದರು. ಅವರಾಚೆ, ಅವರಿಗೆ ಬೆನ್ನು ಮಾಡಿ, ಹೆಂಗಸೊಬ್ಬಳು ತಲೆತುಂಬ ಸೆರಗು ಹೊದ್ದು ನಿಂತಿದ್ದಳು. ಉಟ್ಟದ್ದು ನನ್ನ ಇಳಕಲ್ಲ ಸೀರೆ. ದೀಪ ತಾಗಿ ಸುಟ್ಟ ಸೆರಗಿಗೆ ನಾನೇ ಹಾಕಿದ ಹೊಲಿಗೆ ಇಲ್ಲಿಂದಲೇ ಕಾಣುತ್ತಿತ್ತು. ಹೋದ ಸಲ ಅವರು, ನೆನಪಿಗೆ ಟ್ರಂಕಿನಲ್ಲಿರಲಿ ಎಂದು ಒಯ್ದಿದ್ದರು. ಸರಸರನೆ ಮುಂದೆ ನಡೆದೆ.

ನನ್ನ ಬಳೆಯ ಸದ್ದಿಗೆ ಆ ಹೆಂಗಸು ತಿರುಗಿದಳು. ನೋಡಿದರೆ ಕಂಪನಿಯ ಸ್ತ್ರೀ ಪಾತ್ರದ ವಿರೂಪಾಕ್ಷ, ಗಡ್ಡ ಬೋಳಿಸಿ ಎರಡು ದಿನವಾಗಿರಬೇಕು. ನಗು ತಡೆಯದೆ ಅಲ್ಲೇ ಕೂತುಬಿಟ್ಟೆ.

"ಸಿಟ್ಟಾಗಬ್ಯಾಡ್ರಿ ವೈನಿ," ಎಂದ ಅವನು. "ಧಾಟಿ ಕೂಡಸೋ ಮುಂದ ಮಾಸ್ತರಿಗೆ ಈ ಸೀರಿ ಬೇಕು. ಉಟ್ಟು ಬೆನ್ನ ಮಾಡಿ ನಿಂದ್ರು, ಮಾರಿ ತೋರಿಸಬ್ಯಾಡ ಅಂತಾರ. ಅಂದ್ರನ ಹಾಡು ಹುಟ್ಟತಾವ."

ನಮ್ಮವರು ಪೇಟಿಯ ಕರಿ-ಬಿಳಿ ಮನೆಗಳನ್ನೇ ನೋಡುತ್ತ ಕಿವಿಯವರೆಗೆ ಕೆಂಪಾದರು. ಹಚ್ಚಿದ ಅವಲಕ್ಕಿಯ ಡಬ್ಬಿ ಮುಂದಿಟ್ಟು ಸಾಲೆಯ ಕೆಲಸದ ಸುದ್ದಿ ಹೇಳಿದೆ. ಅವರು ಒಂದು ಮುಕ್ಕು ಬಾಯಿಗೆ ಹಾಕಿಕೊಂಡು, "ಬರ್ತೇನಿ. ಖರೇನ ಬರ್ತೇನಿ. ನನಗೂ ಸಾಕಾಗೇದ," ಎಂದರು. ಎಷ್ಟು ದಿನಗಳಿಂದ ಆ ಮಾತಿಗೆ ಹಂಬಲಿಸಿದ್ದೆನೋ, ಕೇಳಿ ಕಣ್ಣು ತುಂಬಿ ಬಂತು. "ಇದೊಂದು ಹಾಡು ಮುಗಸ್ತೇನಿ. ನೀ ಇಲ್ಲೇ ಕೂಡು."

ಪಕ್ಕದಲ್ಲೇ ಕೂತೆ. ಹಾಡು ಮುಗಿಯಲಿಲ್ಲ. ಮೊದಲ ಸಾಲು ಎತ್ತುವರು, ನನ್ನತ್ತ ನೋಡಿ ನಗುವರು, ಬೆರಳು ನಿಲ್ಲುವುದು. ವಿರೂಪಾಕ್ಷ ಬೆನ್ನು ಮಾಡಿ ನಿಂತದ್ದೇ ಬಂತು. ಅಷ್ಟು ಹಿಗ್ಗಿನಲ್ಲಿರುವ ಮನುಷ್ಯನಿಂದ ವಿರಹ ಎಲ್ಲಿಂದ ಬರಬೇಕು? ಮಧ್ಯಾಹ್ನವಾಯಿತು. ಕವಿಗಳು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಬಾಯಿಬಿಟ್ಟು ಹೋಗಿರೆನ್ನಲು ಅವರಿಗೆ ದಾಕ್ಷಿಣ್ಯ.

"ಟಾಂಗಾ ನೋಡಿ ಬರ್ತೇನಿ," ಎಂದು ಎದ್ದೆ.

ಪ್ರೇಕ್ಷಕರ ಖುರ್ಚಿಗಳ ನಡುವೆ ಹಾದು ಮುಂಬಾಗಿಲು ಮುಟ್ಟುವಷ್ಟರಲ್ಲಿ ಹಿಂದಿನಿಂದ ಪೇಟಿ ಎದ್ದಿತು. ಮೊದಲ ಸಾಲು ದಾಟಿ, ಎರಡನೆಯದನ್ನೂ ದಾಟಿ, ತಡವರಿಸದೆ ಮೇಲೇರಿತು. ಹೊರಳಿ ನೋಡಿದೆ. ವಿರೂಪಾಕ್ಷನ ಬೆನ್ನಿನ ಮೇಲಿನ ನನ್ನ ಸೀರೆಯನ್ನು ಅವರು ನೋಡುತ್ತಿದ್ದರು. ಮನೆಯಲ್ಲಿ, ಎದುರಿಗೆ ಕೂತು ಬಡಿಸುವಾಗ, ಅವರು ಒಮ್ಮೆಯೂ ನನ್ನನ್ನು ಹಾಗೆ ನೋಡಿದವರಲ್ಲ. ಅವರು ಹೀಗೂ ನನ್ನನ್ನು ಬಯಸುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

ಅಣ್ಣನಿಗೆ ಊಹೂಂ ಎನ್ನಬೇಕೆಂದು ಅಲ್ಲಿಯೇ ನಿಶ್ಚಯವಾಯಿತು. ಒಬ್ಬಳೇ ಟಾಂಗಾ ಹತ್ತಿದೆ. "ಎಲ್ಲಿಗ್ರಿ?" ಎಂದ ಟಾಂಗಾದವನು. ಸ್ಟೇಶನ್ನಿಗೆ ಎಂದು ನಾನು ಹೇಳುವ ಮೊದಲು ಅವನು ಮೂರು ಸಲ ಕೇಳಬೇಕಾಯಿತು.