ಬಾಳೆಎಲೆಯ ಮೇಲೆ ಇಟಲಿ ಉಂಡೆ

ಬಾಳೆಎಲೆ ಹಾಸಿ, ಅದರ ಮೇಲೆ ಬೆಳ್ಳಗಿನ ಅನ್ನದ ಉಂಡೆಗಳನ್ನು ಸಾಲಾಗಿ ಇಟ್ಟರೆ ನಿಮಗೆ ಏನು ನೆನಪಾಗುತ್ತದೆ? ಅದೂ ಪಿತೃಪಕ್ಷದಲ್ಲಿ?

ಕಾರವಾರದ ಕಡಲ ದಂಡೆಯಲ್ಲಿ ಈಚೆಗೆ ಅಂಥದೊಂದು ಗಾಡಿ ನಿಂತಿತ್ತು. ಸಂಜೆ ತಿರುಗಾಡಲು ಬಂದವರು ಆಸೆಯಿಂದ ಹತ್ತಿರ ಹೋಗುವುದು, ಎಲೆ ನೋಡುವುದು, ಸರ್ರನೆ ಭೇಲ್‌ಪುರಿಯವನ ಕಡೆ ತಿರುಗುವುದು. (ನಾನೂ ತಿರುಗಿದೆ. ಪಿಂಡ ತಿನ್ನಲು ನಾನೇನು ಕಾಗೆಯೇ?)

ಗಾಡಿ ಪಕ್ಕದ ಚಿತ್ತಾಕುಲ ಊರಿನ ದಿನಕರನದು. ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡು ಬಹಳ ವರ್ಷ ದೇಶ ಸುತ್ತಿದವನು. ಈ ಸಲ ರಜೆಗೆ ಬಂದಾಗ ಸ್ವಂತ ಮಗಳೇ ಅವನನ್ನು ‘ಮಾಮಾ’ ಅಂದಳಂತೆ. ಅಂದಿನಿಂದ ಹೆಂಡತಿ ಶೋಭಾಳ ಹಟ ಒಂದೇ, ಇನ್ನು ಹಡಗು ಸಾಕು. ಆದರೆ ಊರಲ್ಲಿ ಹೊಟ್ಟೆಪಾಡು? ಹಡಗಿನ ಏಜೆಂಟ್ ದಿನಾ ಫೋನ್ ಮಾಡುತ್ತಿದ್ದ. ಅಮಾವಾಸ್ಯೆಯೊಳಗೆ ಗಾಡಿ ನಡೆದರೆ ಇಲ್ಲೇ, ಇಲ್ಲದಿದ್ದರೆ ಮತ್ತೆ ಹಡಗು ಎಂದು ಗಂಡ ಹೆಂಡತಿ ತೀರ್ಮಾನಿಸಿದ್ದರು.

ಇಟಲಿ ಅಂದರೆ ಪಿಜ್ಜಾ ಒಂದೇ ಅಲ್ಲ, ಅಲ್ಲಿ ಊರಿಗೊಂದು ಬೀದಿ ತಿಂಡಿ ಎಂದು ಇನ್ನೊಂದು ಸಂಜೆ ಮಾತಿಗೆ ನಿಂತಾಗ ಅವನು ನನಗೆ ವಿವರಿಸಿದ. ನೇಪಲ್ಸಿನಲ್ಲಿ ಕಾಗದದ ಕೊಟ್ಟೆಯಲ್ಲಿ ಕರಿದ ಸಣ್ಣ ಮೀನು ಕೊಡುತ್ತಾರೆ. ಜಿನೋವಾದಲ್ಲಿ ಕಡಲೆಹಿಟ್ಟಿನ ದಪ್ಪ ದೋಸೆ. ಸಿಸಿಲಿಯ ಪಲೆರ್ಮೊದಲ್ಲಿ ಅದೇ ಹಿಟ್ಟಿನ ಬಿಲ್ಲೆ ಕರಿದು ಬನ್ನಿನೊಳಗೆ ಇಡುತ್ತಾರೆ. ಮತ್ತೆ ಅರಾಂಚೀನಿ. ಅನ್ನದೊಳಗೆ ಬಟಾಣಿ, ಚೀಸ್ ತುಂಬಿ, ಉಂಡೆ ಕಟ್ಟಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯುವುದು.

ಪಕ್ಷದಲ್ಲಿ ಹಲವರು ಮೀನು ಮುಟ್ಟುವುದಿಲ್ಲ ಎಂದು ಅವನು ಮೀನು ಬಿಟ್ಟು ಉಂಡೆ, ಬಿಲ್ಲೆ ಆರಿಸಿಕೊಂಡ. ಬುದ್ಧಿವಂತಿಕೆ ಅಲ್ಲಿಗೇ ನಿಂತಿತು. ನಮ್ಮದು ಕಿವಿರು ಎತ್ತಿ ನೋಡದೆ ಮೀನು ಕೊಳ್ಳದ ಊರು. ಮುಚ್ಚಿಟ್ಟರೆ ಅನುಮಾನ ಪಡುತ್ತಾರೆ ಎಂದು, ಶೋಭಾ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಕಳಿಸಿದ ಹಸಿ ಉಂಡೆಗಳನ್ನು ಎಲ್ಲರಿಗೂ ಕಾಣುವ ಹಾಗೆ ಎಲೆಯ ಮೇಲೆ ಜೋಡಿಸಿದ!

ಅನುಮಾನ ಒಂದೇ ಎರಡೇ? ನಿನ್ನೆಯ ಅನ್ನ ಇರಬೇಕು ಅಂದರು. ಒಳಗೆ ಏನು ತುಂಬಿದ್ದಾನೋ ಅಂದರು. ಕಡಲೆಹಿಟ್ಟಿನ ಬಿಲ್ಲೆ ತಿಂದ ಮಹಾನುಭಾವರೊಬ್ಬರು, ಇದು ನಮ್ಮ ಭಜಿಯೇ, ಇಟಲಿ ಅಂತ ಟೋಪಿ ಹಾಕುತ್ತಿದ್ದಾನೆ ಅಂದರು. ಗುರುತಿಲ್ಲದಿದ್ದರೂ ಅನುಮಾನ, ಗುರುತಿದ್ದರೂ ಅನುಮಾನ. ನನ್ನದು ಇನ್ನೂ ಒಂದು ಕೈ ಮೇಲು. ಇವನು ಇಟಲಿಯಲ್ಲಿ ಕಾಲಿಟ್ಟಿದ್ದು ನಿಜವೋ, ಹಡಗಿನ ಕಿಟಕಿಯಿಂದ ನೋಡಿದ್ದೋ? ಸೈಬರ್ ಕೆಫೆಗೆ ಹೋಗಿ ಹುಡುಕಿದೆ. ಪುಟ ತೆರೆಯುವಷ್ಟರಲ್ಲಿ ಒಮ್ಮೆ ಕರೆಂಟ್ ಹೋಗಿ ಬಂತು. ಅವನು ಹೇಳಿದ್ದೆಲ್ಲ ಅಲ್ಲಿತ್ತು. ನಾಚಿಕೆಯಾಯಿತು.

ಮರುದಿನ ಹೋಗಿ ಎರಡು ಉಂಡೆ ಕರಿಸಿಕೊಂಡೆ. ದಿನಕರ ಬಾಣಲೆಯಿಂದ ಕಣ್ಣೆತ್ತದೆ ಹೇಳಿದ, “ನೀವಾದ್ರೂ ತಿಂದ್ ಹೇಳಿ. ಇಲ್ದಿದ್ರೆ ನಾನು ಹಡಗಿಗೆ ಹೋಗೂದೇ.”

ಮನೆಯಲ್ಲಿ ತಿನ್ನುತ್ತೇನೆ ಅಂದೆ. (ನೋಡಿ, ಅಲ್ಲಿ ತಿನ್ನುವ ಧೈರ್ಯ ಇನ್ನೂ ಬಂದಿರಲಿಲ್ಲ.)

ಮನೆಯ ಬಾಗಿಲಲ್ಲೇ ಹೆಂಡತಿ ಸುಮಂಗಲಾ ತಡೆದಳು. “ಪಕ್ಷದಲ್ಲಿ ಇದನ್ನ ಒಳಗೆ ತರೂಕಿಲ್ಲ.”

ಅವಳ ಸಿಟ್ಟಿಗೆ ಕಾರಣವಿತ್ತು. ಅದೇ ವಾರ ಅಂಕೋಲೆಯಲ್ಲಿ ನನ್ನ ಮಾವನ ಮೊದಲ ಪಕ್ಷ ನಡೆದಿತ್ತು. ಮಾವ ಬದುಕಿದ್ದಾಗ ಹೋಟೆಲ್ ಚಹಾ ಮುಟ್ಟಿದವರಲ್ಲ. ಮಗಳ ಮನೆಯ ಸಾರನ್ನೂ ಮೂಸಿಯೇ ಕಲಸಿಕೊಳ್ಳುತ್ತಿದ್ದರು. ಅಂಥವರಿಗೆ ಪಿಂಡ ಇಟ್ಟು, ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿ ಕರೆದರೂ ಕಾಗೆ ತೆಂಗಿನ ಮರದಿಂದ ಇಳಿಯಲಿಲ್ಲ. ಕೊನೆಗೆ ದನಕ್ಕೆ ಹಾಕಿದೆವು. ಅವರಿಗೆ ಏನು ಬೇಸರವೋ ಎಂದು ಅತ್ತೆ ಸರಿಯಾಗಿ ಉಣ್ಣುವುದನ್ನೇ ಬಿಟ್ಟಿದ್ದರು. ಅವರ ಮನಸ್ಸು ಹಗುರಾಗಲಿ ಎಂದು ಕಾರವಾರಕ್ಕೆ ಕರೆತಂದಿದ್ದೆವು.

ಹೊರಗೇ ನಿಂತು ತಿನ್ನೋಣ ಎಂದು ನಾನು ಒಂದು ಉಂಡೆಯನ್ನು ಕಂಪೌಂಡ್ ಗೋಡೆಯ ಮೇಲಿಟ್ಟೆ, ಇನ್ನೊಂದು ಕೈಯಲ್ಲೇ ಇತ್ತು. ಇಟ್ಟು ಹಿಂದೆ ಸರಿದಿಲ್ಲ, ಕಾಗೆಯೊಂದು ಬಂದು ಕೂತಿತು. ಹೊರಗಿನ ಗರಿಗರಿ ಸಿಪ್ಪೆ ಒಡೆದು, ಚೀಸಿನ ಎಳೆ ಜಗ್ಗಿ, ಪೂರ್ತಿ ತಿಂದಿತು.

ಜಗಲಿಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು. ಕಣ್ಣು ತುಂಬಿತ್ತು. ಕೈ ಚಾಚಿದರು. “ಅವ್ರಿಗೆ ಸೇರ್ತು. ಇನ್ನೊಂದು ನಂಗೆ ಕೊಡು.”

ಕಡಲ ದಂಡೆಯ ಕಾಗೆ ಏನು ಕೊಟ್ಟರೂ ತಿನ್ನುತ್ತದೆ ಎಂಬ ಅನುಮಾನ ನನಗಿತ್ತು. ಬಾಯಿ ಬಿಡಲಿಲ್ಲ. ಅಂದು ರಾತ್ರಿ ಅತ್ತೆ ಹೊಟ್ಟೆ ತುಂಬಾ ಉಂಡರು.

ಮರುದಿನ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ಅವರೇ ಗಾಡಿಗೆ ಹೋದರು. ಹಿರಿಯರೇ ಒಪ್ಪಿದ್ದು ಎಂಬ ಸುದ್ದಿ ನಮ್ಮಲ್ಲಿ ಹಬ್ಬಲು ಎಷ್ಟು ಹೊತ್ತು? ಅಮಾವಾಸ್ಯೆಯ ಸಂಜೆ ಏಜೆಂಟನ ಫೋನ್ ಬಂದಾಗ ದಿನಕರನ ಎರಡೂ ಕೈಯಲ್ಲಿ ಅನ್ನ ಮೆತ್ತಿತ್ತು. ಎತ್ತಲೇ ಇಲ್ಲವಂತೆ.

ಮಗಳ ಮನೆಯ ಸಾರು ಮೂಸುತ್ತಿದ್ದ ನಮ್ಮ ಮಾವನ ಅನುಮಾನ ಸತ್ತ ಮೇಲಾದರೂ ಹೋಯಿತು. ನಾವೂ ಅಲ್ಲಿಯವರೆಗೆ ಕಾಯಬೇಕೇ?